ವಾಲ್ವ್ ಪೆಟ್ಟಿಗೆಯ ಮೀನಿನ ವಾಸನೆ

"ಮೀನಿನ ಚೀಲ ಹಿಂದೆ ಇಡಿ," ಎಂದ ಕಂಡಕ್ಟರ್.

ಬಸ್ಸು ಬಿಣಗಾ ಘಟ್ಟ ಏರುತ್ತಿತ್ತು. ನನ್ನ ತೊಡೆಯ ಮೇಲೆ ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿದ ಹನ್ನೊಂದು ಕಿಲೋದ ಒಂದು ಪೆಟ್ಟಿಗೆ. ನಾನು ಸುತ್ತಲೂ ನೋಡಿದೆ. ಯಾರ ಬಳಿಯೂ ಮೀನಿನ ಚೀಲ ಕಾಣಲಿಲ್ಲ.

"ನಿಮಗೇ ಹೇಳಿದ್ದು."

"ಇದು ಮೀನಲ್ಲ, ಆಂಪ್ಲಿಫೈಯರ್," ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಸ್ವಂತ ಕೈಯಿಂದ ಏನನ್ನಾದರೂ ಮಾಡಿದ ಗಂಡಸಿಗೆ ಅಷ್ಟಕ್ಕೆ ನಿಲ್ಲಿಸಲು ಬರುವುದಿಲ್ಲ. "ವಾಲ್ವ್ ಆಂಪ್ಲಿಫೈಯರ್. ಗಾಜಿನ ಬುರುಡೆಯದು. ನಾನೇ ಮನೆಯಲ್ಲಿ ಮಾಡಿದ್ದು," ಎಂದೂ ಸೇರಿಸಿದೆ.

ಕಂಡಕ್ಟರ್ ಬಗ್ಗಿ ಪೆಟ್ಟಿಗೆಯನ್ನು ಮೂಸಿದ. "ಮನೇಲೇ ಒಣಗಿಸಿದ್ದಾ?"

"ಒಣಗಿದ್ದೇ ಇರ್ಬೇಕು," ಎಂದಳು ಹಿಂದಿನ ಸೀಟಿನ ಹೆಂಗಸು. "ಹಸೀದಾಗಿದ್ರೆ ಇಷ್ಟೊತ್ತಿಗೆ ನೀರು ಸೋರ್ತಿತ್ತು."

ಬಸ್ಸೇ ತೀರ್ಪು ಕೊಟ್ಟಾಗಿತ್ತು. ಲಗೇಜ್ ಟಿಕೇಟು ಹರಿಸಿಕೊಂಡು ಕೊನೆಯ ಸೀಟಿಗೆ ಹೋದೆ. ಆಮದಳ್ಳಿ ದಾಟಿ ಅವರ್ಸಾ ಬರುವುದರೊಳಗೆ, ಸ್ಟೆಪ್ನಿ ಟಯರಿನ ಪಕ್ಕ ಕೂತು, ನಾನೊಂದು ಪ್ರತಿಜ್ಞೆ ಮಾಡಿದೆ. ಈ ಪೆಟ್ಟಿಗೆಯ ರೋಗ ಏನೆಂದು ಪತ್ತೆ ಹಚ್ಚದೆ, ಅದಕ್ಕೆ ಕಾರಣರಾದವರನ್ನು ಬಯಲಿಗೆ ಎಳೆಯದೆ, ಕೈಯಲ್ಲಿನ ಬೆಸುಗೆಕಡ್ಡಿ ಕೆಳಗಿಡುವವನಲ್ಲ! ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಮೇಲಿಂದ ಹೂಮಳೆ ಸುರಿಸಿದರಂತೆ. ನನ್ನ ಮೇಲೆ ಬಸ್ಸಿನ ಮಾಡು ಸೋರಿತು.

ಪ್ರತಿಜ್ಞೆಯ ಹಿನ್ನೆಲೆ ಹೇಳಬೇಕು. ನಾನು ಸಾಯಿನಾಥ. ಹುಟ್ಟಿದ್ದು ಬೈತಖೋಲದ ಮೀನುಗಾರರ ಕೇರಿಯಲ್ಲಿ. ಬೆಳೆದ ಮೇಲೆ ದೋಣಿ ಬಿಟ್ಟು ಕುರ್ಚಿ ಹಿಡಿದೆ. ಕಾರವಾರದ ಒಂದು ಸರಕಾರಿ ಕಚೇರಿಯ ಟಪಾಲು ಶಾಖೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ಬಂದ ಕಾಗದಕ್ಕೆ ನಂಬರು ಹಾಕುವುದು, ಯಾರು ಕಳಿಸಿದರು ಎಂದು ಬರೆಯುವುದು, ಇದರ ಹಿಂದೆ ಏನೋ ಇದೆ ಎಂದು ಅನುಮಾನ ಪಡುವುದು, ಇವು ನನ್ನ ಕೆಲಸ. ಮೂರನೆಯದನ್ನು ಸರಕಾರ ಕೇಳಿರಲಿಲ್ಲ, ನಾನೇ ಸೇರಿಸಿಕೊಂಡದ್ದು.

ವಾಲ್ವಿನ ಹುಚ್ಚು ಹತ್ತಿದ್ದು ಮಾವನ ಕ್ಯಾಸೆಟ್ಟಿನಿಂದ. ನನ್ನ ಹೆಂಡತಿ ವೈಜಯಂತಿಯ ತಂದೆ ಬೀರಾ ಅಂದರೆ ದೇವಬಾಗದಲ್ಲಿ ಹಗಲು ಬಲೆ ಎಳೆದು ಸಂಜೆ ಭಜನೆ ಹೇಳುತ್ತಿದ್ದ ಮನುಷ್ಯ. ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ದನಿ ಇರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಮನೆಯ ಜಗುಲಿಯಲ್ಲೇ ತುಂಬಿಸಿದ್ದು. ಒಂದು ಭಜನೆ ಪೂರ್ತಿ ಇದೆ, ಎರಡನೆಯದು ಅರ್ಧದಲ್ಲಿ ನಿಲ್ಲುತ್ತದೆ. ಮಾವ "ಗಂಗೇ..." ಎಂದು ಕೂಗುತ್ತಾರೆ. ಗಂಗೆ ಅಂದರೆ ನನ್ನ ಅತ್ತೆ. ಆಮೇಲೆ ನಾಲ್ಕೈದು ಸೆಕೆಂಡು ಏನೋ ಹೇಳುತ್ತಾರೆ. ನಮ್ಮ ಹಳೇ ಟೇಪ್ ರೆಕಾರ್ಡರಿನಲ್ಲಿ ಅದು ಬರೀ ಗುರ್‌ಗುರ್ ಎಂದು ಕೇಳುತ್ತದೆ. ಆಮೇಲೆ ಟಕ್. ಮುಗಿಯಿತು.

ಆ ಗುರ್‌ಗುರ್ ಏನು ಎಂಬುದು ನಮ್ಮ ಮನೆತನದ ಹನ್ನೊಂದು ವರ್ಷದ ಸಮಸ್ಯೆ. ವೈಜಯಂತಿಯ ಪ್ರಕಾರ ಅಪ್ಪ ಅವಳ ಅಜ್ಜಿಯ ಪವಳದ ಸರದ ಬಗ್ಗೆ ಏನೋ ಹೇಳಿದ್ದಾರೆ. ಮಾಜಾಳಿಯಲ್ಲಿದ್ದು ದಿನವೂ ಗೋವೆಯ ಕಾರ್ಖಾನೆಗೆ ಹೋಗಿಬರುವ ಅವಳ ತಮ್ಮ ರೂಪೇಶನ ಪ್ರಕಾರ ಅದು ದೇವಬಾಗದ ದೋಣಿಶೆಡ್ಡಿನ ಜಾಗದ ವಿಷಯ. ಅತ್ತೆಯನ್ನೇ ಕೇಳಿದೆವು.

"ಗಂಗೇ ಅಂದ್ರು. ದಿನಕ್ಕೆ ನೂರು ಸಲ ಅಂತಿದ್ರು," ಎಂದರು ಅತ್ತೆ. "ಇದು ಯಾವ ಸಲದ್ದು ಹೇಳಿ ಯಾರು ನೆನಪಿಡ್ತಾರೆ?"

ಹಾಗೆಂದರೇನೋ ಹೌದು. ಆದರೆ ಕ್ಯಾಸೆಟ್ಟಿನಲ್ಲಿ ಆ ಕೂಗು ಬಂದ ಕ್ಷಣ ಅವರು ಸುಲಿಯುತ್ತಿದ್ದ ಬೆಳ್ಳುಳ್ಳಿ ಕೈಯಲ್ಲೇ ನಿಂತಿತ್ತು. ಟಕ್ ಎಂದ ಮೇಲೆ ಮತ್ತೆ ಸುಲಿಯಲು ಶುರು ಮಾಡಿದರು. ನಾನು ನೋಡಿಯೂ ನೋಡದವನಂತೆ ಇದ್ದೆ.

ಆವತ್ತೇ ಘೋಷಿಸಿಬಿಟ್ಟೆ. "ಬರುವ ಆಷಾಢದಲ್ಲಿ ಮಾವನ ವರ್ಷದ ದಿನ ಆ ಮಾತು ಏನೆಂದು ಈ ಮನೆ ಕೇಳುತ್ತದೆ. ಮಾವ ನಮ್ಮ ಪಡಸಾಲೆಯಲ್ಲಿ ಬಂದು ಕೂತು ಹೇಳಿದ ಹಾಗೆ ಕೇಳುತ್ತದೆ."

"ಪಡಸಾಲೇಲಿ ಕೂರೋಕೆ ಜಾಗ ಎಲ್ಲಿದೆ, ನಿಮ್ಮ ಸಾಮಾನು ತೆಗೀರಿ ಮೊದ್ಲು," ಎಂದಳು ವೈಜಯಂತಿ.

ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋಗಳ ಹೊಟ್ಟೆಯಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಆ ಗಾಜಿನ ಬುರುಡೆಗಳೇ ವಾಲ್ವು. ಅವುಗಳಲ್ಲಿ ಬರುವ ಮನುಷ್ಯನ ದನಿಗೆ ಜೀವ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಾನು ತಿಳಿಯದಿದ್ದರೂ ಹೇಳುತ್ತೇನೆ. ಎಂಟು ತಿಂಗಳು ಒದ್ದಾಡಿ, ಎರಡು ಟ್ರಾನ್ಸ್‌ಫಾರ್ಮರು, ಐದು ವಾಲ್ವು ಜೋಡಿಸಿ, ಮೇಲೆ ಗಾಳಿಯಾಡಲೆಂದು ತೂತಿನ ತಗಡು ಮುಚ್ಚಿ ಪೆಟ್ಟಿಗೆ ಮುಗಿಸಿದೆ. ಒಳಗೆ ಮುನ್ನೂರು ವೋಲ್ಟ್ ಓಡುತ್ತದೆ. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದೆ. ಯಾರೂ ಇದನ್ನು ಮುಟ್ಟಕೂಡದು, ಮುಟ್ಟಲೇಬೇಕಾಗಿ ಬಂದರೆ ಒಂದು ಕೈ ಬೆನ್ನ ಹಿಂದೆ ಇರಬೇಕು, ಇನ್ನೊಂದು ಕೈಯಲ್ಲಿ ಒಣ ಮರದ ಕೋಲಿರಬೇಕು ಎಂದೆ. ತಲೆಬುರುಡೆಯ ಚಿತ್ರವನ್ನೂ ಬರೆದು ಅಂಟಿಸಿದೆ.

ಜೂನ್ ಬಂತು. ಮಳೆಗಾಲದಲ್ಲಿ ದೇವಬಾಗದ ಮನೆಯ ಅಂಗಳಕ್ಕೇ ಕಡಲು ಬರುವುದರಿಂದ ಅತ್ತೆ ಎಂದಿನಂತೆ ನಮ್ಮಲ್ಲಿಗೆ ಬಂದರು, ಅವರಿಗೂ ಆ ಭಾಷಣವನ್ನು ಪೂರ್ತಿ ಕೇಳಿಸಿದೆ. ಜೊತೆಗೆ ಮಳೆಗಾಲದ ಖರ್ಚಿಗೆಂದು ಎರಡು ಚೀಲ ಒಣಮೀನು ಅಟ್ಟ ಏರಿತು. ಅದೇ ವಾರ ಪೆಟ್ಟಿಗೆಯ ರೋಗವೂ ಶುರುವಾಯಿತು.

ಮೊದಲ ಎರಡು ದಿನ ಪೆಟ್ಟಿಗೆ ಶುದ್ಧವಾಗಿ ಹಾಡಿತ್ತು. ಆ ಗುರ್‌ಗುರ್ ವರ್ಷದ ದಿನಕ್ಕೇ ಮೀಸಲು ಎಂದು ಮೊದಲ ಭಜನೆಯಷ್ಟನ್ನೇ ಹಾಕುತ್ತಿದ್ದೆ. ಮೂರನೇ ದಿನ ಮಳೆಯ ಥಂಡಿಗೋ ಏನೋ ಸಣ್ಣಗೆ ಚಟಪಟ. ನಾಲ್ಕನೇ ದಿನ ಒಗ್ಗರಣೆ ಹಾಕಿದ ಹಾಗೆ ಚರ್ರೋ ಎಂದಿತು. ಕ್ಯಾಸೆಟ್ ಹಾಕಿದರೆ ಮಾವ ಬಾಣಲೆಯೊಳಗೆ ಕೂತು ಭಜನೆ ಹೇಳಿದಂತೆ ಕೇಳುತ್ತಿತ್ತು. ಮೇಲಿಂದ ಒಂಥರಾ ಮೀನಿನ ವಾಸನೆ. ಅದಕ್ಕೇ ಅಂಕೋಲೆಗೆ ಹೊತ್ತುಕೊಂಡು ಹೊರಟದ್ದು. ಅಲ್ಲಿ ದತ್ತಣ್ಣ ಇದ್ದಾನೆ. ರೇಡಿಯೋ ರಿಪೇರಿಯಲ್ಲಿ ಐವತ್ತು ವರ್ಷ ಕಳೆದವನು, ಕಣ್ಣು ಸ್ವಲ್ಪ ಮಂಜು.

ದತ್ತಣ್ಣ ಪೆಟ್ಟಿಗೆ ಮಗುಚಿದ. ವಾಲ್ವ್ ಕೂರಿಸುವ ಸಾಕೆಟ್ಟುಗಳ ಸುತ್ತ ಬಿಳಿ ಹುಡಿ ಕಟ್ಟಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡ.

"ಉಪ್ಪು," ಎಂದ. "ಕಡಲ ಗಾಳಿ. ನಿಮ್ಮ ಕಾರವಾರದಲ್ಲಿ ಇದೇ ಹಣೆಬರಹ."

"ಮೀನಿನ ವಾಸನೆ?"

"ಅದು ಕೆಟ್ಟ ಸೂಚನೆ ಮಾರಾಯಾ. ಒಳಗೆ ಎಂತಾದರೂ ಬಿಸಿಯಾಗಿ ಸುಡೋಕೆ ಹತ್ತಿದ್ರೆ ಮೀನಿನ ವಾಸನೆ ಬರ್ತದೆ. ಟ್ರಾನ್ಸ್‌ಫಾರ್ಮರ್ ಮೇಲೆ ಕಣ್ಣಿಡು."

ಇಲ್ಲೇ ನೋಡಿ ನಮ್ಮ ಸಮಾಜದ ದುರಂತ. ಬೇರೆ ಊರಲ್ಲಾದರೆ ಮನೆಯಲ್ಲಿ ಮೀನಿನ ವಾಸನೆ ಬಂದ ಕೂಡಲೇ ಜನ ಮೇನ್ ಸ್ವಿಚ್ ಆರಿಸಿ ಓಡುತ್ತಾರೆ. ನಮ್ಮಲ್ಲಿ ಮೀನಿನ ವಾಸನೆ ಬರದಿದ್ದರೆ ಯಾರಿಗೋ ಹುಷಾರಿಲ್ಲವಾ ಎಂದು ಕೇಳುತ್ತಾರೆ.

ಅಷ್ಟರಲ್ಲಿ ದತ್ತಣ್ಣ ಚಿಮಟಿಯಲ್ಲಿ ಸಾಕೆಟ್ಟಿನ ಕಾಲುಗಳ ನಡುವಿನಿಂದ ಏನನ್ನೋ ಎಳೆದ. ಕೂದಲಿನಷ್ಟು ತೆಳ್ಳಗಿನ, ಎರಡು ಇಂಚು ಉದ್ದದ, ಕೆಂಪು ಎಳೆ.

"ತಾಮ್ರದ ತಂತಿ," ಎಂದ ಕಣ್ಣು ಕಿರಿದು ಮಾಡಿ. "ಇದಾಗೇ ಇಲ್ಲಿಗೆ ಬರೂದಿಲ್ಲ. ಯಾರೋ ಮೇಲಿಂದ ಇಳಿಸಿದ್ದು."

ಯಾರೋ! ನನ್ನ ಇಪ್ಪತ್ತಾರು ವರ್ಷದ ಸರ್ವಿಸ್ ಎದ್ದು ನಿಂತಿತು. ಆ ಎಳೆಯನ್ನು ಕಾಗದದಲ್ಲಿ ಮಡಚಿ, ಲಕೋಟೆಯಲ್ಲಿಟ್ಟು, ಮೇಲೆ "ಆವಕ ನಂ. ೧" ಎಂದು ಬರೆದು, ಅಂಗಿಯ ಕಿಸೆಗೆ ಹಾಕಿದೆ. ದತ್ತಣ್ಣ ಸ್ಪಿರಿಟ್ಟಿನಿಂದ ಒಳಗೆಲ್ಲ ಒರೆಸಿ ಸ್ವಿಚ್ ಹಾಕಿದ. ಪೆಟ್ಟಿಗೆ ಕೋಗಿಲೆಯಂತೆ ಹಾಡಿತು.

"ಇದಕ್ಕೆ ರೋಗ ಇಲ್ಲ," ಎಂದ ದತ್ತಣ್ಣ. "ರೋಗ ನಿನ್ನ ಮನೇಲಿ ಇದೆ."

ಸಂಜೆ ಮನೆಗೆ ಬಂದು ಊಟಕ್ಕೆ ಕೂತೆ. ಗಂಜಿ ಮತ್ತು ಶೆಟ್ಲಿ ಚಟ್ನಿ. ಶೆಟ್ಲಿ ಅಂದರೆ ನಮ್ಮ ಕಡೆಯ ಸಣ್ಣ ಸಿಗಡಿ. ಒಣಗಿಸಿಟ್ಟು, ಹುರಿದು, ತೆಂಗಿನಕಾಯಿ, ಮೆಣಸು, ಹುಳಿ ಹಾಕಿ ಕಲಸಿದರೆ ಚಟ್ನಿ. ಜೂನ್ ಜುಲೈಯಲ್ಲಿ ಟ್ರಾಲರುಗಳೆಲ್ಲ ಬಂದರಿನಲ್ಲಿ ಕಟ್ಟಿಕೊಂಡಿರುವಾಗ ನಮ್ಮ ಪ್ರಾಣ ಇರುವುದೇ ಒಣ ಶೆಟ್ಲಿಯಲ್ಲಿ. ಆದರೆ ಮಳೆಗಾಲದ ಥಂಡಿಗೆ ಅದು ಒದ್ದೆ ಬೆಂಕಿಪೆಟ್ಟಿಗೆಯಂತೆ ಮೆತ್ತಗಾಗಿರುತ್ತದೆ. ಈ ಸಲ ಹಾಗಿರಲಿಲ್ಲ.

"ಭಾರಿ ಗರಿಗರಿ ಇದೆ," ಎಂದೆ, ಎರಡನೇ ಸಲ ಬಡಿಸಿಕೊಳ್ಳುತ್ತ.

"ಆಯಿ ಮಾಡಿದ್ದು," ಎಂದಳು ವೈಜಯಂತಿ. ಅತ್ತೆ ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದರು.

ಎರಡೇ ದಿನ. ಪೆಟ್ಟಿಗೆ ಮತ್ತೆ ಚಟಪಟ ಎಂದಿತು. ಈ ಸಲ ಇನ್ನೂ ಘೋರವಾದ ವಿಷಯವೊಂದು ಗಮನಕ್ಕೆ ಬಂತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಸ್ವಿಚ್ ಆರಿಸಿಯೇ ಹೋಗಿದ್ದೆ. ಸಂಜೆ ಬಂದು ಮುಚ್ಚಳದ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು.

ನಾನಿಲ್ಲದಾಗ ಯಾರೋ ಇದನ್ನು ಹಚ್ಚುತ್ತಿದ್ದಾರೆ. ತಾಮ್ರದ ತಂತಿ ಇಳಿಸುತ್ತಿದ್ದಾರೆ. ಮಾವನ ವರ್ಷದ ದಿನಕ್ಕೆ ಹನ್ನೆರಡೇ ದಿನ ಉಳಿದಿತ್ತು. ಒಂದು ನೋಟ್‌ಬುಕ್ ತೆಗೆದು ಸಂಶಯಿತರ ರಿಜಿಸ್ಟರ್ ಶುರು ಮಾಡಿದೆ.

ಮೊದಲ ಹೆಸರು ಪಾಂಡು. ಪಕ್ಕದ ಮನೆಯವ. ಬೈತಖೋಲದಲ್ಲಿ ಬೋಟುಗಳಿಗೆ ವೆಲ್ಡಿಂಗ್ ಮಾಡುತ್ತಾನೆ, ಮಳೆಗಾಲದಲ್ಲಿ ಮನೆಯಂಗಳದಲ್ಲೇ ಗೇಟು ಕಿಟಕಿ ಬೆಸೆಯುತ್ತಾನೆ. ತಂತಿ, ಕರೆಂಟು ಎರಡರ ಜ್ಞಾನವೂ ಉಂಟು. ಬೇಲಿಯ ಬಳಿ ನಿಲ್ಲಿಸಿ ಕೇಳಿದೆ.

"ಪಾಂಡು, ನಾನಿಲ್ಲದಾಗ ನಮ್ಮ ಮನೆಗೆ ಬಂದಿದ್ಯಾ?"

"ಬಂದಿದ್ದೆ."

ರಿಜಿಸ್ಟರ್ ಬಿಚ್ಚಿದೆ. "ಯಾವಾಗ?"

"ನಿಮ್ಮ ಮನೆ ಒಕ್ಕಲಿಗೆ. ನೀವು ಜಿಲೇಬಿ ತರೋಕೆ ಪೇಟೆಗೆ ಹೋಗಿದ್ರಿ."

ಹದಿನೇಳು ವರ್ಷದ ಹಿಂದಿನ ಅಲಿಬಿ. ಇಷ್ಟು ತಯಾರಿ ನಿರಪರಾಧಿಗೆ ಇರುವುದಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡೆ.

ಎರಡನೆಯದು ರೂಪೇಶ. ಅವನ ಮೇಲಿನ ಅನುಮಾನಕ್ಕೆ ಗಟ್ಟಿ ಬುಡ ಇತ್ತು. ಆ ಗುರ್‌ಗುರ್ ದೋಣಿಶೆಡ್ಡಿನದ್ದಾಗಿ, ಅದರಲ್ಲಿ "ಶೆಡ್ಡು ಮಗಳಿಗೆ" ಎಂದಿದ್ದರೆ ನಷ್ಟ ಯಾರಿಗೆ? ಫೋನು ಮಾಡಿದೆ.

"ರೂಪೇಶ, ಈ ವಾರ ಕಾರವಾರದ ಕಡೆ ಬಂದಿದ್ಯಾ?"

"ಇಲ್ಲ ಭಾವ. ಡ್ಯೂಟಿ." ಆಮೇಲೆ ದನಿ ತಗ್ಗಿಸಿದ. "ನಾ ಒಂದು ಕೇಳ್ತೆ, ಸಿಟ್ಟು ಮಾಡ್ಕೋಬೇಡಿ. ಕ್ಯಾಸೆಟ್ ನಿಮ್ಮ ಹತ್ರಾನೇ ಇದೆ ಅಲ್ದಾ?"

"ಹೌದು."

"ಅದಕ್ಕೆ ನೀವು ಎಂತದೂ ಸೇರಿಸ್ಲಿಲ್ಲ ಅಲ್ದಾ?"

ಕಳ್ಳನೇ ಪೊಲೀಸನ ಕಿಸೆ ತಪಾಸಣೆ ಮಾಡಿದ ಹಾಗಾಯಿತು. "ನಾನು ಯಾಕಪ್ಪಾ ಸೇರಿಸಲಿ?"

"ಅಲ್ಲ, ಪೆಟ್ಟಿಗೆ ಮಾಡಿದ್ದೂ ನೀವೇ, ಕ್ಯಾಸೆಟ್ ಇಟ್ಕೊಂಡಿದ್ದೂ ನೀವೇ, ಕೇಳಿಸುವವರೂ ನೀವೇ. ಹಾಗಾಗಿ ಕೇಳ್ದೆ."

ಅವನ ಹೆಸರಿನ ಮುಂದೆ ಎರಡು ಗೆರೆ ಎಳೆದೆ. ಮಾಜಾಳಿಯಲ್ಲಿ ಅವನೂ ನನ್ನ ಹೆಸರಿನ ಮುಂದೆ ಎಳೆದಿರಬೇಕು.

ಮೂರನೆಯ ಹೆಸರನ್ನು ಬಾಗಿಲು ಮುಚ್ಚಿಕೊಂಡು ಬರೆದೆ. ಪೆಟ್ಟಿಗೆ ಇಟ್ಟ ಮೇಜು ವೈಜಯಂತಿಯ ಹೊಲಿಗೆ ಮಶೀನಿನದು. ಎಂಟು ತಿಂಗಳಿಂದ ಮಶೀನು ಮಂಚದ ಕೆಳಗಿದೆ.

"ನಿಜ ಹೇಳು. ನೀನು ಪೆಟ್ಟಿಗೆ ಮುಟ್ಟಿದ್ಯಾ?"

"ಮುಟ್ಟಿದ್ರೆ ಸಾಯ್ತಾರೆ ಹೇಳಿ ನೀವೇ ಚಿತ್ರ ಬರ್ದು ಅಂಟ್ಸಿದ್ರಿ."

"ಅದು ಉತ್ತರ ಅಲ್ಲ."

"ನಾನು ಸಾಯ್ಲಿಲ್ಲ. ಅದೇ ಉತ್ತರ," ಎಂದು ಅವಳು ಒಳಗೆ ಹೋದಳು.

ಸಾಕ್ಷಿ ಬೇಕಿತ್ತು. ಮರುದಿನ ಆಫೀಸಿಗೆ ಹೊರಡುವ ಮೊದಲು ಯಾರಿಗೂ ಕಾಣದಂತೆ ಮೇಜಿನ ಸುತ್ತ ಗೋಧಿ ಹಿಟ್ಟು ಉದುರಿಸಿದೆ. ಹೆಜ್ಜೆ ಮೂಡಿದರೆ ಅಳತೆ ತೆಗೆಯುವುದು, ಆಮೇಲೆ ಪಾಂಡುವಿನ ಚಪ್ಪಲಿಗೆ ಹೋಲಿಸುವುದು. ಇಡೀ ದಿನ ಟಪಾಲಿಗೆ ತಪ್ಪು ನಂಬರು ಹಾಕಿದೆ. ಸಂಜೆ ಓಡೋಡಿ ಬಂದರೆ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪೆಟ್ಟಿಗೆ ಬೆಚ್ಚಗಿತ್ತು.

"ಇಲ್ಲಿ ಏನೋ ಬಿದ್ದಿತ್ತಲ್ಲ?" ಎಂದೆ, ಆದಷ್ಟು ಸಹಜವಾಗಿ.

"ಯಾರೋ ಹಿಟ್ಟು ಚೆಲ್ಲಿದ್ರು," ಎಂದರು ಅತ್ತೆ. "ಗುಡಿಸಿ ಒರೆಸ್ದೆ. ಇರುವೆ ಬರ್ತದೆ."

ಪಾಪ, ಅತ್ತೆ! ಈ ಮನೆಯಲ್ಲಿ ನನ್ನ ಅನುಮಾನಕ್ಕೆ ಹೊರತಾದ ಒಂದೇ ಜೀವ. ವಯಸ್ಸು ಎಪ್ಪತ್ತಮೂರು, ಮಿಕ್ಸರ್ ಹಾಕಲೂ ಮಗಳನ್ನು ಕರೆಯುತ್ತಾರೆ. ಅವರ ಹೆಸರು ರಿಜಿಸ್ಟರಿನಲ್ಲಿ ಎಲ್ಲೂ ಇರಲಿಲ್ಲ. ಅವರ ಸಲುವಾಗಿಯೇ ಅಲ್ಲವೇ ಇಷ್ಟೆಲ್ಲ?

ಉಳಿದದ್ದು ಒಂದೇ ದಾರಿ, ದಾಳಿ. ವರ್ಷದ ದಿನಕ್ಕೆ ಮೂರು ದಿನ ಇರುವಾಗ ಅರ್ಧ ದಿನದ ರಜೆ ಬರೆದೆ. ಕಾರಣದ ಜಾಗದಲ್ಲಿ "ಗೃಹಕೃತ್ಯ" ಎಂದು ತುಂಬಿದೆ. ಹನ್ನೆರಡೂವರೆಗೆ ಹಿತ್ತಿಲಿನಿಂದ ಒಳಗೆ ನುಸುಳಿ ನನ್ನದೇ ಮನೆಯಲ್ಲಿ ಕಳ್ಳನಂತೆ ಕೋಣೆಯ ಬಾಗಿಲ ಹಿಂದೆ ನಿಂತೆ. ವೈಜಯಂತಿ ಪೇಟೆಗೆ ಹೋಗಿದ್ದಳು. ಹೊರಗೆ ಕಡಲೇ ಕವುಚಿದ ಹಾಗೆ ಮಳೆ. ಒದ್ದೆ ಅಂಗಿ ಮೈಗೆ ಅಂಟಿತ್ತು, ಸೀನು ಮೂಗಿನ ತುದಿಯಲ್ಲಿ ಕಾದಿತ್ತು.

ಒಂದು ಗಂಟೆಗೆ ಹೆಜ್ಜೆ ಸಪ್ಪಳ. ಬಿರುಕಿನಲ್ಲಿ ಕಣ್ಣಿಟ್ಟೆ.

ಅತ್ತೆ ಬಂದರು. ಬಲಗೈಯಲ್ಲಿ ಮರದ ಸೌಟು. ಎಡಗೈಯನ್ನು ಬೆನ್ನ ಹಿಂದೆ ಮಡಚಿಕೊಂಡರು. ಸೌಟಿನ ಹಿಡಿಯಿಂದ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದರು. ನನ್ನ ಭಾಷಣದ ಒಂದಕ್ಷರವನ್ನೂ ಅವರು ಬಿಟ್ಟಿರಲಿಲ್ಲ. ನಾನೇ ಎರಡು ಸಲ ಶಾಕ್ ಹೊಡೆಸಿಕೊಂಡಿದ್ದೇನೆ.

ವಾಲ್ವುಗಳು ಕೆಂಪಗೆ ಹತ್ತಿದವು. ಅತ್ತೆ ಅಂಗೈಯನ್ನು ತೂತಿನ ತಗಡಿನ ಮೇಲೆ ಹಿಡಿದು ನೋಡಿದರು, ದೋಸೆಕಾವಲಿ ಕಾಯಿತೇ ಎಂದು ನೋಡುವ ಹಾಗೆ. ಆಮೇಲೆ ಒಳಗಿನಿಂದ ಬಿದಿರಿನ ಮೊರ ತಂದು ಮಾವನ ಪುನರ್ಜನ್ಮದ ಯಂತ್ರದ ಮೇಲಿಟ್ಟು, ಅದರ ತುಂಬ ಮೆತ್ತಗಾದ ಶೆಟ್ಲಿ ಹರಡಿದರು. ಐದು ನಿಮಿಷಕ್ಕೊಮ್ಮೆ ಕೈಯಾಡಿಸಿದರು. ಪ್ರತಿ ಸಲವೂ ಮೊರದ ಸಂದಿನಿಂದ ಉಪ್ಪಿನ ಹುಡಿ, ಚೂರು, ಮೀಸೆ, ಕಾಲು, ಎಲ್ಲ ಸಣ್ಣಗೆ ತಗಡಿನ ತೂತಿನೊಳಗೆ ಇಳಿಯಿತು.

ಅಷ್ಟೊತ್ತಿಗೆ ಸೀನು ಬಂದೇಬಿಟ್ಟಿತು.

"ಇವತ್ತು ಬೇಗ ಬಂದ್ರಿ," ಎಂದರು ಅತ್ತೆ ತಿರುಗಿಯೂ ನೋಡದೆ. "ಊಟ ಆಗಿದ್ಯಾ?"

ನಾನು ಬಾಗಿಲ ಹಿಂದಿನಿಂದ ಹೊರಬಂದೆ. ಕಿಸೆಯಿಂದ ಲಕೋಟೆ ತೆಗೆದು, ಆವಕ ನಂಬರ್ ಒಂದನ್ನು ಬಿಚ್ಚಿ, ಅಂಗೈ ಮೇಲೆ ಹಿಡಿದು ತೋರಿಸಿದೆ. "ಅತ್ತೆ, ಇದೇನು ಗೊತ್ತಾ?"

"ಶೆಟ್ಲಿ ಮೀಸೆ," ಎಂದರು. "ಅದನ್ನು ಯಾಕೆ ಕಿಸೇಲಿ ಇಟ್ಕೊಂಡು ತಿರುಗ್ತಿದ್ರಿ?"

ಬೈತಖೋಲದಲ್ಲಿ ಹುಟ್ಟಿದವನು. ತಾಯಿ ಬುಟ್ಟಿ ಹೊತ್ತು ಮೀನು ಮಾರಿ ಓದಿಸಿದ ಮಗ. ಶೆಟ್ಲಿಯ ಮೀಸೆಯನ್ನು ತಾಮ್ರದ ತಂತಿ ಎಂದು ನಂಬಿ, ಅದಕ್ಕೆ ನಂಬರು ಹಾಕಿ, ಹನ್ನೊಂದು ದಿನ ಎದೆಯ ಹತ್ತಿರ ಇಟ್ಟುಕೊಂಡು ಓಡಾಡಿದ್ದೆ. ಈ ವಿಷಯ ಕೇರಿಗೆ ಗೊತ್ತಾದರೆ ನನ್ನನ್ನು ಜಾತಿಯಿಂದ ಅಲ್ಲ, ಕಡಲತೀರದಿಂದಲೇ ಹೊರಗೆ ಹಾಕುತ್ತಾರೆ.

"ಇದರ ಮೇಲೆ ಯಾಕೆ ಒಣಗಿಸಿದಿರಿ?"

"ಮತ್ತೆಲ್ಲಿ ಒಣಗಿಸೂದು? ದೇವಬಾಗದಲ್ಲಿ ಒಲೆ ಇತ್ತು, ಒಲೆ ಮೇಲೆ ತಟ್ಟಿ ಇತ್ತು. ನಿಮ್ಮದು ಗ್ಯಾಸು. ಬಿಸಿಲಿಲ್ಲ. ಇಡೀ ಮನೇಲಿ ಬೆಚ್ಚಗೆ ಇರೋದು ಇದೊಂದೇ."

"ಆ ಚಿತ್ರ ಕಾಣಲಿಲ್ಲವೇ? ತಲೆಬುರುಡೆ?"

"ಕಂಡೆ. ಬೆಕ್ಕಿಗೆ ಅಂಟಿಸಿದ್ದು ಹೇಳಿ ತಿಳ್ಕೊಂಡೆ. ಒಳ್ಳೇದಾಯ್ತು, ಒಂದು ದಿನಾನೂ ಬರ್ಲಿಲ್ಲ."

"ಅತ್ತೆ, ಇದು ಮಾವನ ದನಿ ಕೇಳಲಿಕ್ಕೆ ಮಾಡಿದ್ದು."

ಅವರು ಶೆಟ್ಲಿಯಲ್ಲಿ ಕೈಯಾಡಿಸುತ್ತಲೇ ಇದ್ದರು. "ಹೌದು. ಆದ್ರೆ ಅದು ಹಾಡ್ಲಿಲ್ಲ. ನೀವು ಬೇಜಾರಾದ್ರಿ. ಎಂಟು ತಿಂಗಳು ಕೂತು ಮಾಡಿದ್ದು ದಂಡ ಆಯ್ತಲ್ಲ ಹೇಳಿ ನನಗೂ ಕಂಡಿತು. ಯಾವುದಕ್ಕಾದ್ರೂ ಉಪಯೋಗ ಆಗ್ಲಿ ಹೇಳಿ..."

ನನ್ನ ಮೇಲಿನ ಕರುಣೆಯಿಂದ ಅವರು ಶೆಟ್ಲಿ ಒಣಗಿಸಿದರು. ಶೆಟ್ಲಿಯಿಂದ ಪೆಟ್ಟಿಗೆ ಕೆಟ್ಟಿತು. ಕೆಟ್ಟಷ್ಟೂ ಅವರ ಕರುಣೆ ಹೆಚ್ಚಿತು. ಆ ಗರಿಗರಿ ಚಟ್ನಿಯನ್ನು ಎರಡೆರಡು ಸಲ ಬಡಿಸಿಕೊಂಡು ತಿಂದವನು ನಾನು. ಸಾಕ್ಷ್ಯವನ್ನೆಲ್ಲ ತನಿಖಾಧಿಕಾರಿಯೇ ಗಂಜಿಯ ಜೊತೆ ಮುಗಿಸಿದ್ದ.

ಮೂರು ದಿನ ಪೆಟ್ಟಿಗೆಗೆ ಯಾವ ಮೊರವೂ ಸೋಕಲಿಲ್ಲ. ವಾಲ್ವುಗಳನ್ನೆಲ್ಲ ಕಿತ್ತು, ಹಳೇ ಹಲ್ಲುಬ್ರಷ್ಷಿನಿಂದ ಸಾಕೆಟ್ಟು ತಿಕ್ಕಿ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಒಳಗೆ ಸಿಕ್ಕಿದ್ದನ್ನು ಒಟ್ಟು ಮಾಡಿದರೆ ಒಂದು ಹೊತ್ತಿನ ಚಟ್ನಿಗೆ ಸಾಕಾಗುತ್ತಿತ್ತು. ವೈಜಯಂತಿಯ ಬಳಿ ಕ್ಷಮೆ ಕೇಳಿದೆ. "ಆಯಿ ಒಣಗಿಸ್ತಿದ್ದದ್ದು ನನಗೆ ಗೊತ್ತಿತ್ತು," ಎಂದಳು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನೀವು ಕೇಳಿದ್ದು ನಾನು ಮುಟ್ಟಿದ್ನಾ ಹೇಳಿ," ಎಂದಳು.

ವರ್ಷದ ದಿನ ಬಂತು. ಕಾರ್ಯ ಮುಗಿದು, ಊಟ ಮುಗಿದು, ಎಲ್ಲರೂ ಪಡಸಾಲೆಯಲ್ಲಿ ಕೂತರು. ಪಾಂಡುವನ್ನು ಕರೆದಿದ್ದೆ. ಪೆಟ್ಟಿಗೆ ಗುಂಯ್ ಎನ್ನದಂತೆ ಅವನ ವೆಲ್ಡಿಂಗ್ ಮಶೀನು ನಿಂತಿರಲಿ ಎಂಬುದು ಒಂದು ಕಾರಣ, ನನ್ನ ಪಾಪ ತೊಳೆಯಲಿ ಎಂಬುದು ಇನ್ನೊಂದು. ರೂಪೇಶ ಮಾಜಾಳಿಯಿಂದ ಬಂದವನೇ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಟೇಪು ಎಲ್ಲಾದರೂ ಅಂಟಿಸಿದ್ದಾರೆಯೇ ಎಂದು ನೋಡಿದ. ಆಮೇಲೆ ತನ್ನ ಮೊಬೈಲನ್ನು ಸ್ಪೀಕರಿನ ಮುಂದೆ ನಿಲ್ಲಿಸಿ ರೆಕಾರ್ಡಿಂಗ್ ಒತ್ತಿದ.

"ದಾಖಲೆಗೆ," ಎಂದ.

ವೈಜಯಂತಿ ಒಂದು ಕೈಯನ್ನು ಖಾಲಿ ಕೊರಳ ಮೇಲೆ ಇಟ್ಟುಕೊಂಡಿದ್ದಳು. ಅತ್ತೆ ಗೋಡೆಗೆ ಒರಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಕೈ ಬೆನ್ನ ಹಿಂದಿಟ್ಟು ಸ್ವಿಚ್ ಹಾಕಿದೆ. ವಾಲ್ವು ಹತ್ತಿತು. ಚಟಪಟ ಇಲ್ಲ, ಗುಂಯ್ ಇಲ್ಲ. ಕ್ಯಾಸೆಟ್ ಹಾಕಿದೆ. ಮಾವ ಕೆಮ್ಮಿದರು. ಆ ಕೆಮ್ಮಿಗೇ ಪಾಂಡು ಗೌರವದಿಂದ ನೆಟ್ಟಗೆ ಕೂತ. ಭಜನೆ ಶುರುವಾಯಿತು. ತಾಳದ ಸದ್ದು, ಮಾವ ಉಸಿರು ಎಳೆದುಕೊಳ್ಳುವ ಸದ್ದು, ಹಿಂದೆ ಎಲ್ಲೋ ಕಡಲು, ಎಲ್ಲ ಬೇರೆ ಬೇರೆಯಾಗಿ ಕೇಳಿತು. ಎರಡನೆಯ ಭಜನೆ ಅರ್ಧಕ್ಕೆ ಬಂತು. ಹಂಚಿನ ಮೇಲೆ ಟಪ್ ಟಪ್ ಹನಿ ಬಿತ್ತು. ಅದು ಹೊರಗಿನ ಮಳೆಯಲ್ಲ, ಕ್ಯಾಸೆಟ್ಟಿನ ಮಳೆ. ಮಾವ ಹಾಡು ನಿಲ್ಲಿಸಿದರು.

"ಗಂಗೇ..."

ಬೆಳ್ಳುಳ್ಳಿ ನಿಂತಿತು.

"ಗಂಗೇ, ಮಳೆ ಬಂತು. ಅಂಗಳದ ಶೆಟ್ಲಿ ಒಳಗೆ ತಗೋ."

ಟಕ್.

ಅತ್ತೆ ಎದ್ದುಬಿಟ್ಟಿದ್ದರು. ಮಡಿಲ ಬೆಳ್ಳುಳ್ಳಿಯೆಲ್ಲ ನೆಲಕ್ಕೆ ಬಿದ್ದು ಉರುಳಿತು. ಬಾಗಿಲ ಕಡೆ ಎರಡು ಹೆಜ್ಜೆ ಹಾಕಿ ನಿಂತರು. ನಮ್ಮ ಅಂಗಳದಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಮಳೆ ನೋಡಿದರು.

ಹನ್ನೊಂದು ವರ್ಷದ ಪವಳದ ಸರವೂ ದೋಣಿಶೆಡ್ಡೂ ಒಂದೇ ಏಟಿಗೆ ಕರಗಿ ಹೋಗಿದ್ದವು. ರೂಪೇಶ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದ.

"ಭಾವ, ಇನ್ನೊಂದ್ಸಲ ಹಾಕಿ. ಶೆಟ್ಲಿ ಅಂದ್ರೆ ಬೇರೆ ಎಂತಾದ್ರೂ ಇರ್ಬಹುದು."

"ಸುಮ್ನಿರೋ," ಎಂದಳು ವೈಜಯಂತಿ. ಅವಳ ಮೂಗು ಕೆಂಪಾಗಿತ್ತು.

ನನ್ನ ಕಣ್ಣೂ ಒದ್ದೆಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎಂಟು ತಿಂಗಳ ಬೆಸುಗೆ, ಲಗೇಜ್ ಟಿಕೇಟು, ಹಿಟ್ಟು, ಲಕೋಟೆ, ಎಲ್ಲ ಸಾರ್ಥಕವಾದ ಗಳಿಗೆ. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು, ಒಂದೇ ಒಂದು ಹೊಗಳಿಕೆಯ ಮಾತಿನ ಆಸೆಯಿಂದ ಕೇಳಿದೆ.

"ಹೇಗಿತ್ತು ಅತ್ತೆ?"

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಅಡುಗೆಮನೆಗೆ ಹೋದರು. ಮೊರ ಹಿಡಿದುಕೊಂಡು ಬಂದರು.

"ಅಡ್ಡಿಲ್ಲ," ಎಂದರು. "ಪೆಟ್ಟಿಗೆ ಆರಿಸ್ಬೇಡಿ. ಶೆಟ್ಲಿ ಒಳಗೆ ತಗೋ ಹೇಳಿ ಅವರೇ ಹೇಳಿದ್ರಲ್ಲ."